ಪೈಥಾನ್ ನಿಧಾನ ಅಂತ ಫೋರ್ಟ್ರಾನ್ ಕಲಿಯಬೇಕಾ?

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ ಬರೆದ ಲೆಕ್ಕ ಗಂಟೆಗಟ್ಟಲೆ ಓಡುತ್ತದೆ, ಗೈಡ್ ಫೋರ್ಟ್ರಾನ್ (ವೈಜ್ಞಾನಿಕ ಲೆಕ್ಕಗಳಿಗೆ ಬಳಸುವ ಹಳೆಯ ಪ್ರೋಗ್ರಾಮಿಂಗ್ ಭಾಷೆ) ಕಲಿಯಿರಿ ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇಷ್ಟು ಬೇಗ ಭಾಷೆ ಬದಲಿಸಬೇಡಿ. ಮೊದಲು ನಿಮ್ಮ ಕೋಡ್‌ನಲ್ಲಿರುವ ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ) ನೋಡಿ.

ಲಿಸ್ಟ್ ಇಟ್ಟುಕೊಂಡು ಲೂಪ್ ಓಡಿಸಿದರೆ ಪೈಥಾನ್ ಪ್ರತಿ ಸಂಖ್ಯೆಗೂ "ನೀನು ಯಾವ ಜಾತಿಯ ಡೇಟಾ?" ಅಂತ ಹೊಸದಾಗಿ ವಿಚಾರಿಸುತ್ತದೆ. ಜಾಗವೂ ಜಾಸ್ತಿ. ಒಂದು ದಶಮಾಂಶ ಸಂಖ್ಯೆಗೆ 24 ಬೈಟ್, ಅದರ ವಿಳಾಸಕ್ಕೆ ಇನ್ನೂ 8. ನಮ್‌ಪೈ ಅನ್ನುವ ಪೈಥಾನ್ ಲೈಬ್ರರಿಯ ಅರೇಯಲ್ಲಿ (ಒಂದೇ ಬಗೆಯ ಸಂಖ್ಯೆಗಳ ಸಾಲು) ಅದೇ ಸಂಖ್ಯೆಗೆ 8 ಬೈಟ್ ಸಾಕು, ಎಲ್ಲವೂ ಒಂದರ ಪಕ್ಕ ಒಂದು ಕೂತಿರುತ್ತವೆ. ಒಂದು ಕೋಟಿ ರೀಡಿಂಗ್ ಇದ್ದರೆ 320 ಎಂಬಿ ಎಲ್ಲಿ, 80 ಎಂಬಿ ಎಲ್ಲಿ! ಅರೇ ಪೂರ್ತಿ ಒಟ್ಟಿಗೆ ಕೊಟ್ಟುಬಿಟ್ಟರೆ ಲೂಪ್ ಒಳಗಡೆ ಸಿ ಭಾಷೆಯಲ್ಲಿ ಓಡುತ್ತದೆ. ಕಾಳನ್ನು ಒಂದೊಂದಾಗಿ ಎಣಿಸುವುದಕ್ಕೂ ಸೇರಿನಲ್ಲಿ ಅಳೆಯುವುದಕ್ಕೂ ಇರುವಷ್ಟು ವ್ಯತ್ಯಾಸ ಅದು.

ನಿಮ್ಮ ಗೈಡ್ ಹೇಳಿದ್ದೂ ಸುಮ್ನೆ ಅಲ್ಲ. ನಮ್‌ಪೈಯಲ್ಲಿ ಸಮೀಕರಣಗಳನ್ನು ಬಿಡಿಸುವಾಗ ಕೆಳಗೆ ದುಡಿಯುವುದು 1992ರಲ್ಲಿ ಹೊರಬಂದ ಲ್ಯಾಪ್ಯಾಕ್ ಅನ್ನುವ ಲೆಕ್ಕದ ಲೈಬ್ರರಿ. ಅದು ಮುಖ್ಯವಾಗಿ ಫೋರ್ಟ್ರಾನ್‌ನಲ್ಲಿ ಬರೆದದ್ದೇ. ಅವರು ನಂಬುವ ಕೆಲಸವನ್ನೇ ನೀವು ಪೈಥಾನ್‌ನಿಂದ ಕರೆಯುತ್ತಿದ್ದೀರಿ ಅಂತ ಅವರಿಗೆ ಹೇಳಿ.

ಪ್ರತಿ ಹೆಜ್ಜೆಗೂ ಹಿಂದಿನ ಹೆಜ್ಜೆಯ ಉತ್ತರ ಬೇಕಾದಾಗ ಲೂಪ್ ತಪ್ಪುವುದಿಲ್ಲ. ಆ ಲೂಪ್ ಇರುವ ಫಂಕ್ಷನ್ ಒಂದಕ್ಕೆ ಮಾತ್ರ ನಂಬಾ (ಪೈಥಾನ್ ಕೋಡನ್ನು ವೇಗವಾಗಿ ಓಡುವ ಯಂತ್ರಭಾಷೆಗೆ ತಿರುಗಿಸುವ ಲೈಬ್ರರಿ) ಬಳಸಿ.

ಕರ್ವ್ ಫಿಟ್ಟಿಂಗ್‌ಗೆ, ಅಂದರೆ ರೀಡಿಂಗ್‌ಗಳಿಗೆ ಹೊಂದುವ ಸೂತ್ರದ ಬೆಲೆಗಳನ್ನು ಹುಡುಕುವುದಕ್ಕೆ, ಸೈಪೈ ಅನ್ನುವ ಪೈಥಾನ್ ಲೈಬ್ರರಿ ಸಾಕು. ಆದರೆ ಆರಂಭದ ಅಂದಾಜನ್ನು ನೀವೇ ಕೊಡಿ. ಕೊಡದಿದ್ದರೆ ಅದು ಎಲ್ಲಾ ಬೆಲೆಗಳನ್ನೂ 1 ಅಂತ ಹಿಡಿದು ಶುರು ಮಾಡುತ್ತದೆ. ನಿಮ್ಮ ಪೀಕ್ 532 ನ್ಯಾನೋಮೀಟರ್‌ನಲ್ಲಿದ್ದರೆ ಅದಕ್ಕೆ ದಾರಿಯೇ ಸಿಗುವುದಿಲ್ಲ.

ಇನ್ನೊಂದು ವಿಷಯ. ನನಗೆ ಇದರಿಂದ ಎರಡು ದಿನ ಹಾಳಾಗಿತ್ತು. ಒಂದು ಸ್ಪೆಕ್ಟ್ರಂನ ಮೊದಲ 200 ರೀಡಿಂಗ್‌ಗಳನ್ನು ಸ್ಲೈಸ್ ಮಾಡಿ (ಅರೇಯ ಒಂದು ಭಾಗವನ್ನಷ್ಟೇ ಆರಿಸಿ) ಬೇರೆ ಹೆಸರಿಟ್ಟೆ. ಪರೀಕ್ಷೆಗೆ ಅಂತ ಅದರಲ್ಲಿ ಮಾತ್ರ ಬ್ಯಾಕ್‌ಗ್ರೌಂಡ್ ಕಳೆದೆ, ಇದ್ದ ಜಾಗದಲ್ಲೇ ಬೆಲೆ ಬದಲಿಸುವ ಮೈನಸ್ ಈಕ್ವಲ್ (-=) ಚಿಹ್ನೆ ಹಾಕಿ. ಆಮೇಲೆ ಮೂಲ ಡೇಟಾದ ಗ್ರಾಫ್ ಬರೆದರೆ ಸರಿಯಾಗಿ 200ರ ಹತ್ತಿರ ಒಂದು ಮೆಟ್ಟಿಲು! ಉಪಕರಣದ ದೋಷ ಅಂದುಕೊಂಡು ಡಿಟೆಕ್ಟರ್ ಬಿಚ್ಚಿ ನೋಡಿದೆ. ನಮ್‌ಪೈಯಲ್ಲಿ ಹಾಗೆ ತೆಗೆದ ಸ್ಲೈಸ್ ಬೇರೆ ಪ್ರತಿ ಅಲ್ಲ, ಅದೇ ಮೆಮೊರಿಗೆ ಇನ್ನೊಂದು ಹೆಸರು ಅಷ್ಟೇ. ಪೈಥಾನ್ ಲಿಸ್ಟ್‌ನ ಸ್ಲೈಸ್ ಹೀಗಲ್ಲ, ಅದಕ್ಕೇ ಎಡವಿದ್ದು. ಈಗ ಫೈಲ್ ಓದಿದ ಕೂಡಲೇ ಒಂದು ಕಾಪಿ ಮಾಡಿ, ಅದರ ಮೇಲಷ್ಟೇ ಕೈ ಹಾಕುತ್ತೇನೆ.