ಒಮ್ಮೆ ಮಾರಿದ ಸಾಫ್ಟ್‌ವೇರ್‌ಗೆ ವರ್ಷ ವರ್ಷ ದುಡ್ಡು ಕೇಳಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ಮೆಡಿಕಲ್ ಶಾಪ್, ದಿನಸಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಒಂದು ಸಲ 8,000 ರೂಪಾಯಿ, ಆಮೇಲೆ ಏನೂ ತೆಗೆದುಕೊಳ್ಳುವುದಿಲ್ಲ. ನಾಲ್ಕು ವರ್ಷದಲ್ಲಿ 140 ಅಂಗಡಿಗಳಾಗಿವೆ. ದಿನಕ್ಕೆ ಇಪ್ಪತ್ತು ಫೋನ್ ಬರುತ್ತವೆ, ಹೊಸ ಗಿರಾಕಿ ಹುಡುಕಲು ಪುರುಸೊತ್ತಿಲ್ಲ. ತಿಂಗಳ ಚಂದಾ ಅಂದರೆ ‘ದುಡ್ಡು ಕೊಟ್ಟು ತಗೊಂಡಿದೀವಲ್ಲ, ಮತ್ಯಾಕೆ?’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಂಗಡಿಯವರು ಕೇಳುವುದರಲ್ಲಿ ತಪ್ಪಿಲ್ಲ. ಕೊಂಡದ್ದು ಅವರದೇ. ಆದರೆ ನೀವು ಕೊಟ್ಟಿದ್ದು ಎರಡು, ಬೆಲೆ ಹಾಕಿದ್ದು ಒಂದಕ್ಕೆ. ಮೊದಲನೆಯದು ಆ ದಿನ ಕಂಪ್ಯೂಟರಿಗೆ ಹಾಕಿಕೊಟ್ಟ ಸಾಫ್ಟ್‌ವೇರ್. ಎರಡನೆಯದು ಅಂದಿನಿಂದ ನೀವು ಎತ್ತುತ್ತಿರುವ ಫೋನು.

ಆ ಫೋನಿನ ಬೆಲೆ ನನಗೆ ಮನವರಿಕೆಯಾದದ್ದು 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ. ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು, 33 ಜೀವರಕ್ಷಕ ಔಷಧಿಗಳಿಗೆ ತೆರಿಗೆಯೇ ಇಲ್ಲವಾಗಿತ್ತು. ಸಂಜೆ ಪರಿಚಯದ ಮೆಡಿಕಲ್ ಶಾಪೊಂದರಲ್ಲಿ ಕೂತಿದ್ದೆ. ಬಿಲ್ಲಿನಲ್ಲಿ ಇನ್ನೂ 12 ಅಂತಲೇ ಬರುತ್ತಿತ್ತು. ಬಿಪಿ ಮಾತ್ರೆಯ ಚೀಟಿ ಹಿಡಿದು ನಿಂತ ಹಿರಿಯರೊಬ್ಬರು ‘ಟಿವೀಲಿ ಕಡಿಮೆ ಆಯ್ತು ಅಂದ್ರಲ್ಲಪ್ಪ’ ಅನ್ನುತ್ತಿದ್ದರು. ಮಾಲೀಕರು ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಸಾಫ್ಟ್‌ವೇರ್‌ನವರಿಗೆ ಕರೆ ಮಾಡುತ್ತಲೇ ಇದ್ದರು, ಕೈ ಕ್ಯಾಲ್ಕುಲೇಟರ್ ಮೇಲಿತ್ತು. ಆ ಕಡೆ ಯಾರೂ ಎತ್ತಲಿಲ್ಲ. ಎತ್ತಿ, ಆ ಕ್ಷಣದಲ್ಲೇ ಐನೂರು ಕೇಳಿದ್ದರೂ ಮಾಲೀಕರು ಕೊಡುತ್ತಿದ್ದರು. ನೀವು ಅಂಥ ದಿನಗಳಲ್ಲೂ 140 ಅಂಗಡಿಗಳ ಫೋನನ್ನು ಪುಕ್ಕಟೆ ಎತ್ತಿದ್ದೀರಿ.

ಲೆಕ್ಕ ಹಾಕೋಣ. 140 ಅಂಗಡಿಯಿಂದ ಬಂದದ್ದು 11.2 ಲಕ್ಷ. ನಾಲ್ಕು ವರ್ಷಕ್ಕೆ ಹಂಚಿದರೆ ತಿಂಗಳಿಗೆ 23,000 ಚಿಲ್ಲರೆ. ಹೊಸ ಅಂಗಡಿ ಬರುವುದು ನಿಂತ ದಿನ ಆದಾಯವೂ ನಿಲ್ಲುತ್ತದೆ, ಫೋನು ಮಾತ್ರ ನಿಲ್ಲುವುದಿಲ್ಲ. ಇಪ್ಪತ್ತು ಕರೆಗೆ ಹತ್ತು ಹತ್ತು ನಿಮಿಷ ಅಂದರೂ ದಿನಕ್ಕೆ ಮೂರು ಗಂಟೆಗೆ ಮೇಲೆ. ಈ ಕೆಲಸಕ್ಕೆ ತಿಂಗಳಿಗೆ 15,000 ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡರೆ ವರ್ಷಕ್ಕೆ 1.8 ಲಕ್ಷ, ಅಂಗಡಿಯೊಂದಕ್ಕೆ ಸುಮಾರು 1,300. ಇದಕ್ಕಿಂತ ಕಡಿಮೆ ಕೇಳಿದರೆ ನಿಮ್ಮ ಕೈಯಿಂದಲೇ ಹೋಗುತ್ತದೆ. ಎಲ್ಲರೂ ಕಟ್ಟುವುದೂ ಇಲ್ಲ. ನೂರು ಜನ ಕಟ್ಟುತ್ತಾರೆ ಅಂತಿಟ್ಟುಕೊಂಡು 2,400 ಇಡಿ. ವರ್ಷಕ್ಕೆ 2.4 ಲಕ್ಷ ಬರುತ್ತದೆ, ಸಂಬಳ ಕಳೆದು 60,000 ಉಳಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಹೊಸ ಅಂಗಡಿ ಹತ್ತಲು ನಿಮಗೆ ಬಿಡುವು ಸಿಗುತ್ತದೆ.

ತಿಂಗಳಿಗೆ 200 ಅನ್ನಬೇಡಿ, ವರ್ಷಕ್ಕೆ 2,400 ಅನ್ನಿ. ಹಾಲು, ಹೂವಿನ ವರ್ತನೆಯ ದುಡ್ಡನ್ನು ತಿಂಗಳು ತಿಂಗಳು ಕೊಡುವಾಗ ಯಾರಿಗೂ ಬೇಜಾರಿಲ್ಲ, ಏಕೆಂದರೆ ಅದು ದಿನಾ ಬೆಳಿಗ್ಗೆ ಬಾಗಿಲಿಗೆ ಬರುವುದು ಕಾಣುತ್ತದೆ. ಸಾಫ್ಟ್‌ವೇರ್ ಸರಿಯಾಗಿ ನಡೆಯುವಾಗ ಕಣ್ಣಿಗೇ ಬೀಳುವುದಿಲ್ಲ. ಏನೂ ಕೆಡದ ತಿಂಗಳಲ್ಲಿ ಇನ್ನೂರು ಕೇಳಿದರೂ ದಂಡ ಕಟ್ಟಿದ ಹಾಗನಿಸುತ್ತದೆ. ಆಟೋ ಪೇ ಹಾಕಿಸಿದರೂ ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಹೋಗಬೇಕು. ನಿಯಮ ಸರಿಯಾದದ್ದೇ. ಆದರೆ ತಿಂಗಳ ಚಂದಾ ಅಂದರೆ ‘ಇದು ಬೇಕಾ?’ ಎಂಬ ಪ್ರಶ್ನೆ ವರ್ಷಕ್ಕೆ ಹನ್ನೆರಡು ಸಲ ಏಳುತ್ತದೆ. ಎಎಂಸಿ, ಅಂದರೆ ವರ್ಷದ ನಿರ್ವಹಣಾ ಒಪ್ಪಂದ, ಎಂಬ ಮಾತು ವ್ಯಾಪಾರಿಗಳಿಗೆ ಮೊದಲೇ ಗೊತ್ತು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸೀಲು ಹಾಕಿಸುತ್ತಾರೆ. ಬೆಂಗಳೂರಿನದೇ ಆದ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯೂ ಲೈಸೆನ್ಸನ್ನು ಒಮ್ಮೆ ಮಾರಿ, ಹೊಸ ಬದಲಾವಣೆಗಳಿಗೆ ಬೇರೆಯಾಗಿ ವರ್ಷದ ಶುಲ್ಕ ಪಡೆಯುವ ದಾರಿ ಇಟ್ಟುಕೊಂಡಿದೆ. ದೀಪಾವಳಿಗೆ ಹೊಸ ಖಾತೆ ಪುಸ್ತಕ ಪೂಜೆ ಮಾಡುವ ಹೊತ್ತಿಗೆ ನವೀಕರಣ ಬರುವಂತೆ ಮಾಡಿ. ಹಬ್ಬದ ವ್ಯಾಪಾರದ ದುಡ್ಡು ಆಗ ಗಲ್ಲಾದಲ್ಲಿರುತ್ತದೆ.

ಕಟ್ಟದವರ ಸಾಫ್ಟ್‌ವೇರನ್ನು ದಯವಿಟ್ಟು ನಿಲ್ಲಿಸಬೇಡಿ. ಬಿಲ್ ಹೊಡೆಯುವುದು, ಹಳೆಯ ಲೆಕ್ಕ ತೆಗೆಯುವುದು ಎಲ್ಲ ನಡೆಯುತ್ತಲೇ ಇರಲಿ. ಫೋನು ಮತ್ತು ಅಪ್‌ಡೇಟ್ ಮಾತ್ರ ಇಲ್ಲ. ಇನ್ನೊಬ್ಬರ ಲೆಕ್ಕಪತ್ರಕ್ಕೆ ಬೀಗ ಹಾಕಿ ದುಡ್ಡು ಕೇಳುವುದು ಅನ್ಯಾಯ, ಅದೂ ‘ಒಂದೇ ಸಲ’ ಅಂತ ಹೇಳಿ ಮಾರಿದ ಮೇಲೆ. ಗ್ರಾಹಕರನ್ನು ಚಂದಾದಲ್ಲಿ ಸಿಕ್ಕಿಸಿ ಹೊರಬರಲು ಬಿಡದಿರುವುದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಒಂದು.

ಹೊಸಬರಿಗೆ ಮೊದಲ ವರ್ಷದ ಸೇವೆ ಸೇರಿ 6,000, ಎರಡನೇ ವರ್ಷದಿಂದ 2,400 ಅಂತ ಮೊದಲ ದಿನವೇ ಬರೆದುಕೊಡಿ. ‘ಲೈಫ್‌ಟೈಮ್’ ಎಂಬ ಪದ ಬೇಡ. ಬಿಲ್ಲಿಗಿಷ್ಟು ಅಂತಲೂ ಇಡಬೇಡಿ, ವ್ಯಾಪಾರ ಹೆಚ್ಚಾದಷ್ಟೂ ಅವರು ಬಿಲ್ ಹೊಡೆಯಲು ಹಿಂದೆಮುಂದೆ ನೋಡುತ್ತಾರೆ. ಕೌಂಟರ್ ಲೆಕ್ಕ ಒಳ್ಳೆಯದು. ಎರಡನೇ ಕೌಂಟರ್ ತೆರೆಯುವ ಅಂಗಡಿ ಬೆಳೆದಿದೆ ಅಂತಲೇ ಅರ್ಥ, ಹೆಚ್ಚಿಗೆ ಕೊಡಲು ಅವರಿಗೂ ಕಾರಣ ಕಾಣುತ್ತದೆ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿ ನೀವು ಜಿಎಸ್‌ಟಿಗೆ ಬಂದರೆ ಶೇ 18 ತೆರಿಗೆ ಸೇರಿಸಿಯೇ ಬೆಲೆ ಹೇಳಿ. ಕಾಂಪೊಸಿಷನ್‌ನಲ್ಲಿರುವ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ಜಿಎಸ್‌ಟಿ ಕಟ್ಟುವ ಯೋಜನೆಯಲ್ಲಿರುವ, ಸಣ್ಣ ಅಂಗಡಿಯವರಿಗೆ ಆ ಶೇ 18 ವಾಪಸ್ ಸಿಗುವುದಿಲ್ಲ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಹೇಳುತ್ತೇನೆ. ನೋಟ್ಸ್, ಪ್ರಚಲಿತ ಘಟನೆಗಳನ್ನು ತಿಂಗಳಿಗೆ 99 ರೂಪಾಯಿಗೆ ಆನ್‌ಲೈನ್ ಕೊಡುತ್ತಿದ್ದೇನೆ. ಹುಡುಗರು ಒಂದು ತಿಂಗಳು ಕಟ್ಟಿ, ಪಿಡಿಎಫ್ ಎಲ್ಲ ಇಳಿಸಿಕೊಂಡು ಬಿಟ್ಟುಹೋಗುತ್ತಾರೆ. ಬೆಲೆ ಇಳಿಸಲೇ?

ಉತ್ತರ: ಇಳಿಸಬೇಡಿ. ಇತಿಹಾಸ, ಸಂವಿಧಾನದ ನೋಟ್ಸ್ ಬರೆದು ಮುಗಿದ ಪುಸ್ತಕ. ಅದಕ್ಕೆ ಪುಸ್ತಕದ ಹಾಗೆ ಒಂದೇ ಬೆಲೆ ಇಟ್ಟು ಮಾರಿ, ಚಂದಾದಲ್ಲಿ ಸೇರಿಸಬೇಡಿ. ಚಂದಾಕ್ಕೆ ಉಳಿಯಬೇಕಾದದ್ದು ನೀವು ಪ್ರತಿವಾರ ಹೊಸದಾಗಿ ಮಾಡುವ ಕೆಲಸ: ಪ್ರಚಲಿತ ಘಟನೆ, ಮಾದರಿ ಪರೀಕ್ಷೆ, ಅದಕ್ಕಿಂತ ಹೆಚ್ಚಾಗಿ ಹುಡುಗರು ಬರೆದ ಉತ್ತರ ತಿದ್ದಿ ಕೊಡುವುದು. ಪಿಡಿಎಫ್ ಟೆಲಿಗ್ರಾಂನಲ್ಲಿ ಹರಿದಾಡೀತು. ಒಬ್ಬರ ಪ್ರಬಂಧದ ಅಂಚಿನಲ್ಲಿ ನೀವು ಕೆಂಪು ಶಾಯಿಯಲ್ಲಿ ಬರೆದ ಎರಡು ಸಾಲು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ.

ಅವಧಿಯನ್ನೂ ತಿಂಗಳಲ್ಲಿ ಅಳೆಯಬೇಡಿ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆ ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಆಗಸ್ಟ್‌ವರೆಗೆ ಮಾತ್ರ ಚಂದಾ ಕಟ್ಟಿದ್ದವರು ಆ ನಾಲ್ಕು ತಿಂಗಳಿಗೆ ಮತ್ತೆ ಕಟ್ಟಬೇಕಾಗಿತ್ತು, ಊರಿನಿಂದ ಬರುವ ದುಡ್ಡಿನಲ್ಲಿ ರೂಮು, ಮೆಸ್ ನೋಡಿಕೊಳ್ಳುವವರು. ‘ಈ ಅಧಿಸೂಚನೆಯ ಪೂರ್ವಭಾವಿ ಮುಗಿಯುವವರೆಗೆ 699’ ಅಂತ ಇಡಿ. ಪರೀಕ್ಷೆ ಮುಂದೆ ಹೋದರೆ ಆ ಹೊರೆ ನಿಮ್ಮದಾಗುತ್ತದೆ, ಅದಕ್ಕೆಂದೇ ಬೆಲೆಯಲ್ಲಿ ಎರಡು ತಿಂಗಳ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಈಗಾಗಲೇ 99 ಕಟ್ಟುತ್ತಿರುವವರಿಗೆ ಈ ಪರೀಕ್ಷೆಯವರೆಗೆ ಹಳೆಯ ದರವೇ ಇರಲಿ.