ಸಂಶಯ ಯಾರಿಗೆ, ಯಾರ ಮೇಲೆ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಚೀಲದ ತೂಕ ಕಡಿಮೆ ಬಂದಾಗ ‘ಐ ಆ್ಯಮ್ ಸಸ್ಪಿಷಿಯಸ್’ ಎಂದು ಪತ್ರ ಬರೆದೆ. ಮಾಲೀಕರು ಬೈದರು. ತಪ್ಪೇನು?

ಉತ್ತರ: ವ್ಯಾಕರಣ ಸರಿ ಇದೆ ತಮ್ಮಾ. ಆದರೆ ಸಂಶಯ ಪಡುವವನೂ ಸಸ್ಪಿಷಿಯಸ್, ಸಂಶಯ ಹುಟ್ಟಿಸುವವನೂ ಸಸ್ಪಿಷಿಯಸ್. ಹಾಗಾಗಿ ನಿಮ್ಮ ವಾಕ್ಯವನ್ನು ‘ನನ್ನ ಮೇಲೇ ಸಂಶಯ ಬರುವಂತಿದೆ’ ಅಂತಲೂ ಓದಬಹುದು. ನಮ್ಮಲ್ಲಿ ‘ನನಗ ಆ ತೂಕದ ಮ್ಯಾಲ ಸಂಶೆ ಐತಿ’ ಅಂದರೆ ಮುಗೀತು, ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಆ ಕೆಲಸ ‘ಆಫ್’ ಮಾಡುತ್ತದೆ: ‘ಸಸ್ಪಿಷಿಯಸ್ ಆಫ್ ದ ವೇಟ್’. ಆದರೂ ಈ ಪದದಲ್ಲಿ ಮೋಸದ ಆರೋಪ ಇಣುಕುತ್ತದೆ. ಪತ್ರ ಓದಿದವರ ಮನಸ್ಸು ಮುರಿಯುತ್ತದೆ ಅಲ್ವಾ? ಧಾರವಾಡದಲ್ಲಿ ಪಾಠ ಹೇಳುವಾಗ ನಾನು ‘ಡೌಟ್‌ಫುಲ್ ಅಬೌಟ್’ ಬರೆಸುತ್ತಿದ್ದೆ. ಖಾತ್ರಿ ಇಲ್ಲ ಅಂತಷ್ಟೇ ಅರ್ಥ. ‘ಸ್ಕೆಪ್ಟಿಕಲ್’ ಅಂದರೆ ಪುರಾವೆ ಕಾಣುವವರೆಗೂ ಸುಲಭಕ್ಕೆ ಒಪ್ಪದವನು. ನಿಮ್ಮ ಪತ್ರಕ್ಕೆ ಡೌಟ್‌ಫುಲ್ ಸಾಕು, ಜೊತೆಗೆ ತೂಕದ ಚೀಟಿ ಇಡಿ.