ಹುಂಜ ಕುಕ್ಕಿದರೆ ಹುಚ್ಚು ಹಿಡಿಯುತ್ತಾ?

ಪ್ರಶ್ನೆ: ಅಂಗಳದಲ್ಲಿ ಆಡುತ್ತಿದ್ದ ಮಗನ ಮೇಲೆ ನಮ್ಮ ಹುಂಜ ಹಾರಿ, ಕಾಲು ಕುಕ್ಕಿ ರಕ್ತ ಬರಿಸಿದೆ. ಹುಚ್ಚುನಾಯಿ ಇಂಜೆಕ್ಷನ್ ಹಾಕಿಸಬೇಕಾ?

ಉತ್ತರ: ಬೇಡ. ರೇಬಿಸ್, ಅಂದರೆ ಹುಚ್ಚುನಾಯಿ ರೋಗ, ಮರಿಗೆ ಹಾಲು ಕುಡಿಸುವ ಜಾತಿಯ ಪ್ರಾಣಿಗಳಿಂದ ಬರುವಂಥದ್ದು, ಕೋಳಿಯಿಂದ ಬರುವುದಿಲ್ಲ. ಆದರೆ ಆ ಕೊಕ್ಕು, ಕಾಲಿನ ಮುಳ್ಳು ದಿನವಿಡೀ ತಿಪ್ಪೆ ಕೆದರಿದ್ದೇ ಅಲ್ವಾ? ಸೋಪು ಹಾಕಿ ತೊಳೆಯಿರಿ, ಧನುರ್ವಾಯು ಲಸಿಕೆ ಬಾಕಿ ಇದೆಯಾ ಅಂತ ಡಾಕ್ಟರನ್ನು ಕೇಳಿ. ಗಾಯ ಆಳವಾಗಿದ್ದರೆ, ಊದಿಕೊಂಡರೆ ತೋರಿಸಲೇಬೇಕು. ಹುಂಜಕ್ಕೆ ಮಗನ ಮೇಲೆ ಹಗೆಯೇನಿಲ್ಲ, ತನ್ನ ಹೇಂಟೆಗಳನ್ನು ಕಾಯುತ್ತಿದೆ ಅಷ್ಟೇ. ಬರೀ ಮೊಟ್ಟೆ ಸಾಕು ಅಂದರೆ ಹುಂಜವೇ ಬೇಕಿಲ್ಲ, ಅದು ಬೇಕಾಗುವುದು ಮರಿ ಮಾಡಿಸಲು. ಮುಂದಿನದು ನಿಮ್ಮ ಭಾನುವಾರಕ್ಕೆ ಬಿಟ್ಟದ್ದು.

ಪ್ರಶ್ನೆ: ಬೀದಿಯ ನಾಯಿಮರಿ ಆಡುತ್ತಾ ಕೈಗೆ ಹಲ್ಲು ತಾಗಿಸಿತು. ಗೀರಿದೆ, ರಕ್ತ ಬಂದಿಲ್ಲ. ಅತ್ತೆ ಅರಿಶಿನ ಹಚ್ಚಿ, ‘ಮರಿ ತಾನೇ, ಬಿಡು’ ಅನ್ನುತ್ತಿದ್ದಾರೆ.

ಉತ್ತರ: ಬಿಡಬೇಡಿ. ಇದನ್ನು ಓದಿದ ಕೂಡಲೇ ಗಾಯ ತೊಳೆದು ಆಸ್ಪತ್ರೆಗೆ ಹೊರಡಿ. ಮರಿಗೂ ರೇಬಿಸ್ ಬರುತ್ತದೆ, ರಕ್ತ ಬಾರದ ಗೀರಿಗೂ ಲಸಿಕೆ ಬೇಕು, ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯದ ಮದ್ದು) ಕೂಡ ಹಾಕಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದೂ ಬೇಡ, ಮೆತ್ತಿದ್ದನ್ನೆಲ್ಲ ತೆಗೆದು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ ತೊಳೆಯಿರಿ, ಯಾಕೆಂದರೆ ನಮ್ಮ ಅಂದಾಜಿನ 15 ನಿಮಿಷ ಎರಡೇ ನಿಮಿಷಕ್ಕೆ ಮುಗಿದಿರುತ್ತದೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಹೆದರಿಸುತ್ತಾರಲ್ಲ, ಅದು ಹಳೇ ಕಥೆ. ಈಗ ತೋಳಿಗೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಮರಿ ಕಣ್ಣಿಗೆ ಬೀಳುತ್ತಿದ್ದರೆ 10 ದಿನ ಗಮನಿಸಿ, ಆದರೆ ನೋಡೋಣ ಅಂತ ಮೊದಲ ಇಂಜೆಕ್ಷನ್ ಮುಂದೂಡಬೇಡಿ. ರೋಗದ ಲಕ್ಷಣ ಶುರುವಾದ ಮೇಲೆ ಜೀವ ಉಳಿಯುವುದು ಇಲ್ಲವೆಂದೇ ಹೇಳಬೇಕು. ಅತ್ತೆಯನ್ನು ಸಮಾಧಾನ ಮಾಡುವ ಕೆಲಸ ಸಂಜೆ ಬಂದು ಮಾಡಿಕೊಳ್ಳಿ.

ಪ್ರಶ್ನೆ: ಹೇಂಟೆಯೊಂದು ಹುಂಜದಂತೆ ಕೂಗುತ್ತಿದೆ. ಅಪಶಕುನವಂತೆ?

ಉತ್ತರ: ಶಕುನ ಗಿಕುನ ಏನಿಲ್ಲ. ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಎಡಗಡೆಯದೊಂದೇ. ಅದು ಕೆಟ್ಟರೆ ಗಂಡು ಹಾರ್ಮೋನು ಜಾಸ್ತಿಯಾಗಿ ಜುಟ್ಟು ಬೆಳೆದು ಕೂಗುವುದುಂಟು. ಗುಂಪಿನಲ್ಲಿ ಹುಂಜವಿಲ್ಲದಿದ್ದರೆ ಯಜಮಾನಿ ಕೋಳಿ ಸುಮ್ನೆ ಕೂಗುವುದೂ ಇದೆ.

ಪ್ರಶ್ನೆ: ಬುಟ್ಟಿಯಲ್ಲಿ ಮೊಟ್ಟೆಯೇ ಇಲ್ಲ, ಆದರೂ ಕೋಳಿ ಕಾವಿಗೆ ಕೂತು ಏಳುತ್ತಿಲ್ಲ. ಮೂಗಿಗೆ ಗರಿ ಚುಚ್ಚಿ ಅನ್ನುತ್ತಾರೆ.

ಉತ್ತರ: ಪಾಪ, ಚುಚ್ಚಬೇಡಿ. ಹುಂಜದ ಜೊತೆಗಿದ್ದ ಕೋಳಿಯ ಮೊಟ್ಟೆ ಸಿಕ್ಕರೆ ಕತ್ತಲಾದ ಮೇಲೆ ಮೆಲ್ಲಗೆ ಹೊಟ್ಟೆಯಡಿ ಇಡಿ, 21 ದಿನಕ್ಕೆ ಮರಿ. ಮರಿ ಬೇಡವಾದರೆ ತಳದಲ್ಲಿ ಗಾಳಿಯಾಡುವ ತಂತಿ ಗೂಡಿನಲ್ಲಿ, ಹುಲ್ಲು ಹಾಸದೆ, ನೀರು ಕಾಳು ಕೊಟ್ಟು ಮೂರ್ನಾಲ್ಕು ದಿನ ಬಿಡಿ. ಹೊಟ್ಟೆ ತಣ್ಣಗಾದರೆ ತಾನೇ ಎದ್ದು ಕೆದರಲು ಹೋಗುತ್ತದೆ.